ಎಡಗೆನ್ನೆಯ ಗುಳಿ

ಒಂದು ಸ್ಕ್ಯಾನರ್ ಕೊಳ್ಳುವುದಕ್ಕೆ ಮನುಷ್ಯನಿಗೆ ಎಷ್ಟು ದಿನ ಬೇಕು? ಶ್ರೀಕಂಠನಿಗೆ ಮೂರು ವಾರ ಬೇಕಾಯಿತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸವೆದ ಜೀವ. ಮನೆಗೊಂದು ಮಿಕ್ಸಿ ತರಬೇಕಾದರೂ ಮೂರು ಕಡೆ ಕೊಟೇಶನ್ ಕೇಳಿ, ಹಾಳೆಗೆ ಗೆರೆ ಹಾಕಿ, ಗುಣ ಒಂದು ಕಡೆ ದೋಷ ಒಂದು ಕಡೆ ಬರೆದು, ಕೆಳಗೊಂದು ಸಹಿ ಜಡಿದ ಮೇಲೆಯೇ ಆತನಿಗೆ ಸಮಾಧಾನ. ವಿಶಾಖಪಟ್ಟಣದ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಈಗ ಅಂಥದೇ ಒಂದು ಹಾಳೆ ಬಿದ್ದುಕೊಂಡಿತ್ತು. ಹುಳಿಯ ಪಾತ್ರೆ ಇಡಲು ಜಾಗವಿಲ್ಲದೆ ಹೆಂಡತಿ ಕಮಲಾಕ್ಷಿ ಅದನ್ನು ಮೊಣಕೈಯಿಂದ ಆಚೆ ತಳ್ಳಿದಳು.

“ಯಾವುದಾದ್ರೂ ಒಂದು ತಗೊಂಡು ಹೋಗ್ರೀ ಅತ್ಲಾಗೆ. ನೀವು ಆರಿಸೋ ಅಷ್ಟರಲ್ಲಿ ನಿಮ್ಮಕ್ಕನ ಕಣ್ಣೇ ಹೋಗಿರುತ್ತೆ.”

ಮಾತು ಒರಟು. ಆದರೆ ಅದರಲ್ಲಿ ಸುಳ್ಳಿರಲಿಲ್ಲ.

ಅಕ್ಕ ಎಂದರೆ ಸುಮಿತ್ರಾ. ಅರಕಲಗೂಡಿನ ಹೆಣ್ಣು, ತೆಲುಗಿನವರಾದ ರಾಮಮೋಹನ್ ಅವರನ್ನು ಮದುವೆಯಾಗಿ ವಿಜಯವಾಡ ಸೇರಿ ನಲವತ್ತು ವರ್ಷವಾಗುತ್ತ ಬಂದಿತ್ತು. ಭಾವ ಕೊರೋನಾದಲ್ಲಿ ಹೋದರು. ಆಮೇಲೆ ಸಕ್ಕರೆ ಕಾಯಿಲೆ ಅಕ್ಕನ ಕಣ್ಣಿಗೆ ಹತ್ತಿತು. ಬಲಗಣ್ಣನ್ನು ಆಗಲೇ ನುಂಗಿ, ಎಡಗಣ್ಣನ್ನು ದಿನಕ್ಕಿಷ್ಟು ಮಂಜು ಮಾಡುತ್ತಿತ್ತು. ದೀಪಾವಳಿಯವರೆಗೆ ಬಂದರೆ ಪುಣ್ಯ ಎಂದು ಬೆಂಜ್ ಸರ್ಕಲ್ಲಿನ ಕಣ್ಣಿನ ಡಾಕ್ಟರು ಹೇಳಿದ ದಿನ ಸುಮಿತ್ರಾ ಅಳಲಿಲ್ಲ, ಕರೆಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಮ್ಮನಿಗೆ ಫೋನ್ ಮಾಡಿದಳು.

“ಕಂಠಿ, ಕುರುಡಿ ಆಗೋದಕ್ಕೆ ಮುಂಚೆ ಫಣಿ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು ಕಣೋ. ದೊಡ್ಡದಾಗಿ, ಟೀವೀಲಿ. ಆ ಎಡಗೆನ್ನೆ ಗುಳಿ ನೋಡಿಬಿಟ್ರೆ ಸಾಕು, ಆಮೇಲೆ ಕಣ್ಣು ಇದ್ರೂ ಒಂದೇ, ಹೋದ್ರೂ ಒಂದೇ.”

ಫಣಿ ಅವಳ ಮೊದಲ ಮಗ. ಇಪ್ಪತ್ತೆಂಟು ವರ್ಷದ ಹಿಂದೆ, ಆರು ವರ್ಷ ತುಂಬಿದ ತಿಂಗಳಲ್ಲೇ ಮೆದುಳು ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟ. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಎಲ್ಲರೂ ಋಷಿಕೊಂಡದ ಸಮುದ್ರಕ್ಕೆ ಹೋಗಿದ್ದರು. ಶ್ರೀಕಂಠನಿಗೆ ಆಗಲೂ ವಿಶಾಖಪಟ್ಟಣದಲ್ಲೇ ಪೋಸ್ಟಿಂಗು. ಅವನ ಮಗ, ಫಣಿಯ ವಾರಿಗೆಯ ವಿನಾಯಕನೂ ಜೊತೆಗಿದ್ದ. ಸುಮಿತ್ರಾ ಮಂಗಳಗಿರಿಯ ಹಳದಿ ಹತ್ತಿ ಬಟ್ಟೆಯ ಒಂದೇ ತುಂಡಿನಲ್ಲಿ ಇಬ್ಬರು ಹುಡುಗರಿಗೂ ಅಂಗಿ ಹೊಲಿದು ತಂದಿದ್ದಳು. ಅದನ್ನು ಹಾಕಿಸಿ, ಒಬ್ಬೊಬ್ಬರನ್ನೇ ಮರಳಿನ ಮೇಲೆ ನಿಲ್ಲಿಸಿ, ಶ್ರೀಕಂಠ ತನ್ನ ಹೊಸ ಕ್ಯಾಮೆರಾದಲ್ಲಿ ಫೋಟೋ ಹೊಡೆದಿದ್ದ.

ಆ ಫೋಟೋ ಈಗಿರಲಿಲ್ಲ. ಫಣಿಯ ಯಾವ ಫೋಟೋವೂ ಇರಲಿಲ್ಲ. ಸತ್ತ ಮಗುವಿನ ಫೋಟೋ ಮನೆಯಲ್ಲಿದ್ದರೆ ಮುಂದಿನ ಮಗು ನಿಲ್ಲುವುದಿಲ್ಲ ಎಂದು ಸುಮಿತ್ರಾಳ ಅತ್ತೆ ಲಕ್ಷ್ಮೀಕಾಂತಮ್ಮ ಪಟ್ಟು ಹಿಡಿದರು. ಬೀರು, ಗೋಡೆ, ಆಲ್ಬಮ್ಮು ಎಲ್ಲವನ್ನೂ ಜಾಲಾಡಿ ಹನ್ನೊಂದನೆಯ ದಿನ ಸಿಕ್ಕ ಫೋಟೋಗಳನ್ನೆಲ್ಲ ಕೃಷ್ಣಾ ನದಿಗೆ ಬಿಟ್ಟುಬಂದರು. ನೆಂಟರ ಮನೆಗೂ ಹೇಳಿಕಳಿಸಿದರು. ಶ್ರೀಕಂಠನೂ ತನ್ನ ಆಲ್ಬಮ್ಮಿನಿಂದ ಫಣಿಯಿದ್ದ ಒಂದೊಂದನ್ನೂ ಕಿತ್ತು, ಕವರಿಗೆ ಹಾಕಿ, ತಾನೇ ಕೈಯಾರೆ ಆ ಮುದುಕಿಗೆ ಕೊಟ್ಟ. ಅಕ್ಕ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಕೊಡಬೇಡ ಎಂದು ಅವಳು ಹೇಳಲಿಲ್ಲ, ಕೊಡಲೇ ಎಂದು ಇವನು ಕೇಳಲೂ ಇಲ್ಲ.

ಆದರೆ ಮುದುಕಿಗೆ ನೆಗೆಟಿವ್ ಎಂದರೆ ಏನೆಂದು ಗೊತ್ತಿರಲಿಲ್ಲ. ಋಷಿಕೊಂಡದ ಪ್ರಿಂಟಿನ ಜೊತೆ ಶ್ರೀಕಂಠ ಕಳಿಸಿದ್ದ, ನಾಲ್ಕು ಚಿತ್ರದ ಒಂದು ತುಂಡು ಫಿಲ್ಮು ಸುಮಿತ್ರಾಳ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಉಳಿದುಕೊಂಡಿತು. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಕಿಟಕಿಗೆ ಹಿಡಿದು ಅವಳು ಮಗನನ್ನು ನೋಡುತ್ತಿದ್ದಳು. ಬಿಳಿ ಕೂದಲು, ನೀಲಿ ಮುಖ, ಕಪ್ಪು ಹಲ್ಲು. ಇಪ್ಪತ್ತೆಂಟು ವರ್ಷ ಆ ತಾಯಿ ಮಗನನ್ನು ನೋಡಿದ್ದು ಹಾಗೆ! ಅತ್ತೆ ಬದುಕಿರುವವರೆಗೆ ಪ್ರಿಂಟು ಹಾಕಿಸಲು ಎದೆ ಸಾಲಲಿಲ್ಲ. ಅತ್ತೆ ಹೋಗುವ ಹೊತ್ತಿಗೆ ಊರಿನಲ್ಲಿ ಫಿಲ್ಮಿನಿಂದ ಪ್ರಿಂಟು ಹಾಕುವವರೇ ಇರಲಿಲ್ಲ. ಒಬ್ಬ ಸ್ಟುಡಿಯೋದವನು, ಬಿಟ್ಟುಹೋಗಿ, ಹೈದರಾಬಾದಿಗೆ ಕಳಿಸುತ್ತೇನೆ ಎಂದ. ಬಿಟ್ಟುಹೋಗುವುದೆಂದರೇನು! ಸೆರಗಿಗೆ ಗಂಟು ಹಾಕಿಕೊಂಡು ವಾಪಸ್ಸು ಬಂದಳು. ಕಳೆದ ವರ್ಷ ಬುಡಮೇರು ಹೊಳೆ ಉಕ್ಕಿ ಅವಳಿದ್ದ ಸಿಂಗ್ ನಗರಕ್ಕೆ ನೀರು ನುಗ್ಗಿದಾಗ ಹೊಲಿಗೆ ಮಷೀನು ಐದು ದಿನ ಮುಳುಗಿತ್ತು. ನೀರಿಳಿದ ಮೇಲೆ ಮಣ್ಣಿನಲ್ಲಿ ಕೈಯಾಡಿಸಿ ಫಿಲ್ಮನ್ನು ಹುಡುಕಿ ತೆಗೆದು, ನೆರಳಲ್ಲಿ ಒಣಗಿಸಿದ್ದಳು.

ಆ ಫಿಲ್ಮನ್ನು ಟೀವಿಯಲ್ಲಿ ಕಾಣುವ ಚಿತ್ರವಾಗಿಸಲೆಂದೇ ಈ ಸ್ಕ್ಯಾನರು. ಇಷ್ಟೆಲ್ಲ ಶ್ರೀಕಂಠನಿಗೆ ಗೊತ್ತು. ಗೊತ್ತಿದ್ದರಿಂದಲೇ ಅಂಗಡಿಗೆ ಹೋಗುವಾಗ ಆ ಹಾಳೆಯನ್ನೂ ಜೇಬಿನಲ್ಲಿಟ್ಟುಕೊಂಡು ಹೋದ.

ಡಾಬಾ ಗಾರ್ಡನ್ಸ್‌ನ ಆ ಅಂಗಡಿಯಲ್ಲಿ ಪ್ರತ್ಯೂಷಾ ಎಂಬ ಹುಡುಗಿ ಸ್ಕ್ಯಾನರುಗಳನ್ನು ತೋರಿಸಿದಳು. ಒಂದು ದೊಡ್ಡದು, ಮುಚ್ಚಳದೊಳಗೆ ದೀಪವಿದ್ದದ್ದು. ಫಿಲ್ಮನ್ನು ಗಾಜಿನ ಮೇಲೆ ಸುಮ್ಮನೆ ಮಲಗಿಸಿ ಮುಚ್ಚಿದರೆ ಆಯಿತು. ಅದರ ತೂಕ ನೋಡಿ ಶ್ರೀಕಂಠ, ರೈಲಿನಲ್ಲಿ ಇದನ್ನು ಹೊತ್ತರೆ ನನ್ನ ಸೊಂಟವನ್ನೂ ಸ್ಕ್ಯಾನ್ ಮಾಡಿಸಬೇಕು ಎಂದು ನಕ್ಕ. ಇನ್ನೊಂದು ಚಿಕ್ಕ ಡಬ್ಬಿ, ಫಿಲ್ಮಿಗೆ ಮಾತ್ರ. ಅದು ಆಗದು, ಪೆನ್ಶನ್ ಕಾಗದ, ಮನೆ ಪತ್ರ, ಹಳೇ ಫೋಟೋ ಎಲ್ಲಕ್ಕೂ ಒಂದೇ ಯಂತ್ರ ಆಗಬೇಕು ಎಂದು ಹಾಳೆಯ ಮೊದಲ ಸಾಲಿನಲ್ಲೇ ಬರೆದಿದ್ದ. ಮೂರನೆಯದು ಕೈಚೀಲದಲ್ಲಿ ಹಿಡಿಯುವಂಥ ಉದ್ದನೆಯ ಪೆಟ್ಟಿಗೆ. ಈ ಕಡೆ ಕಾಗದ ಕೊಟ್ಟರೆ ಉರುಳೆಗಳು ಎಳೆದುಕೊಂಡು ಆ ಕಡೆ ಬಿಡುತ್ತವೆ. ರಟ್ಟಿನ ಮೇಲೆ ದಾಖಲೆ, ಫೋಟೋ, ಫಿಲ್ಮು ಮೂರರ ಚಿತ್ರವೂ ಇತ್ತು.

ಅದನ್ನು ನೋಡಿದ್ದೇ ತಡ, ಶ್ರೀಕಂಠನ ಮುಖ ಅರಳಿತು. ಅರೆ, ಇದು ನಮ್ಮ ಬ್ಯಾಂಕಿನ ಚೆಕ್ ಸ್ಕ್ಯಾನರಿನ ತಮ್ಮನೇ! ಹದಿನಾಲ್ಕು ವರ್ಷ ಕ್ಲಿಯರಿಂಗ್ ವಿಭಾಗದಲ್ಲಿದ್ದು ಅಂಥ ಯಂತ್ರಕ್ಕೆ ಲಕ್ಷಾಂತರ ಚೆಕ್ಕು ತಿನ್ನಿಸಿದವನು ಇವನು. ಹರಿದದ್ದು, ಒದ್ದೆಯಾದದ್ದು, ಎಣ್ಣೆ ಕುಡಿದದ್ದು, ಯಾವುದೂ ಇವನ ಕೈಯಲ್ಲಿ ಕೆಟ್ಟಿರಲಿಲ್ಲ.

“ಫಿಲ್ಮು ಎಷ್ಟು ಹಳೇದು ಸಾರ್?” ಎಂದು ಪ್ರತ್ಯೂಷಾ ತೆಲುಗಿನಲ್ಲಿ ಕೇಳಿದಳು. ನೀರಿಗೆ ಬಿದ್ದದ್ದು ಎಂದು ತಿಳಿದ ಕೂಡಲೇ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಹಾಗಿದ್ರೆ ಇದು ಬೇಡ ಸಾರ್. ನೀರು ಕುಡಿದ ಫಿಲ್ಮಿನ ಮೇಲಿನ ಪೊರೆ ಮೆತ್ತಗಾಗಿರುತ್ತೆ, ಉರುಳೆಗೆ ಅಂಟ್ಕೊಳ್ಳುತ್ತೆ. ದೊಡ್ಡದನ್ನೇ ತಗೊಳ್ಳಿ. ಯಾವುದಕ್ಕೂ ಮೊದಲು ಬೆಳಕಿಗೆ ಹಿಡಿದು ಮೊಬೈಲಲ್ಲೊಂದು ಫೋಟೋ ತೆಗೆದಿಟ್ಕೊಳ್ಳಿ ಸಾರ್.”

“ನೋಡಮ್ಮಾ, ನೀನು ಹುಟ್ಟೋ ಮೊದಲಿಂದ ನಾನು ಇದೇ ಕೆಲಸ ಮಾಡ್ತಿದೀನಿ,” ಎಂದ ಶ್ರೀಕಂಠ. ಸುಳ್ಳೇನಲ್ಲ. ಆದರೆ ಅವನು ಮಾಡಿದ್ದು ಕಾಗದದ ಕೆಲಸ. ಆ ಹುಡುಗಿ ಬಿಲ್ಲು ಹಾಕಿದಳು.

ಮನೆಗೆ ಬಂದು ಪರೀಕ್ಷೆ ಮಾಡಿದ. ಆಲ್ಬಮ್ಮಿನಿಂದ ಋಷಿಕೊಂಡದ ಅದೇ ದಿನದ, ವಿನಾಯಕನ ಫೋಟೋ ತೆಗೆದು ಯಂತ್ರಕ್ಕೆ ಕೊಟ್ಟ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗಿ ಬಂತು. ಲ್ಯಾಪ್‌ಟಾಪಿನಲ್ಲಿ ಹಳದಿ ಅಂಗಿ, ಹಿಂದೆ ಅಲೆ, ಗಾಳಿಗೆ ಎದ್ದ ಕೂದಲು, ಎಲ್ಲ ನಿನ್ನೆ ತೆಗೆದಷ್ಟು ಚೊಕ್ಕ. ಈಗ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿರುವ, ಹೊಟ್ಟೆ ಬಂದಿರುವ ವಿನಾಯಕ ಇಷ್ಟು ಮುದ್ದಾಗಿದ್ದನೇ ಎಂದು ಕಮಲಾಕ್ಷಿ ಕೆನ್ನೆಗೆ ಕೈಯಿಟ್ಟುಕೊಂಡಳು. ಶ್ರೀಕಂಠ ಕಾಲರು ಸರಿಮಾಡಿಕೊಂಡ.

ಭಾನುವಾರ ಅವನು ವಿಜಯವಾಡ ತಲುಪಿದಾಗ ಸುಮಿತ್ರಾ ತಲೆಗೆ ಎರೆದುಕೊಂಡು, ಹೊಸ ಮಂಗಳಗಿರಿ ಸೀರೆ ಉಟ್ಟು, ಟೀವಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು. ಟೀವಿಗೂ ಮೂಗಿಗೂ ಒಂದು ಗೇಣು ಅಂತರ. ಗೋಡೆಯಲ್ಲಿ ಪ್ರವಾಹದ ನೀರು ನಿಂತ ಗೆರೆ ಸುಣ್ಣದ ಅಡಿಯಿಂದ ಇನ್ನೂ ಇಣುಕುತ್ತಿತ್ತು. ಫಣಿ ಹೋದ ಎರಡು ವರ್ಷಕ್ಕೆ ಹುಟ್ಟಿದ ಮಗಳು ಅಖಿಲಾ, ಮಾವನ ಕೈಚೀಲ ಇಸಿದುಕೊಂಡಳು. ಮಾತಿನಲ್ಲಿ ಕನ್ನಡಕ್ಕಿಂತ ತೆಲುಗೇ ಮುಂದೆ.

“ಮಾವಯ್ಯಾ, ಅಮ್ಮ ಬೆಳಿಗ್ಗೆಯಿಂದ ಟಿಫಿನ್ನೂ ಮಾಡ್ಲೇದು. ಹಬ್ಬ ಅಂತ ಅನ್ಕೊಂಡಿದಾಳೆ.”

“ಹಬ್ಬಾನೇ ಕಣೇ,” ಎಂದಳು ಸುಮಿತ್ರಾ. “ನಿಮ್ಮಣ್ಣನ್ನ ನೀನೂ ನೋಡಿಲ್ಲ. ಹೋಗು, ಒಂದು ಮೊಳ ಮಲ್ಲಿಗೆ ತಗೊಂಬಾ. ಇಷ್ಟು ವರ್ಷಕ್ಕೆ ಒಂದ್ಸಲನಾದ್ರೂ ಅವನಿಗೆ ಹೂವು ಏರಿಸೋಣ. ಇನ್ನು ನಿಮ್ಮಜ್ಜಿ ಬಂದು ಬೈಯೋದಿಲ್ಲ.”

ಅಖಿಲಾ ಹೂವಿಗೆ ಹೋದಳು. ಸುಮಿತ್ರಾ ಬ್ಲೌಸಿನೊಳಗಿಂದ ಒಂದು ಪೊಟ್ಟಣ ತೆಗೆದಳು. ಬಿಚ್ಚಿ ಕೊಟ್ಟಳು. “ಎರಡನೇ ಚಿತ್ರ ಕಂಠಿ. ಮಿಕ್ಕಿದ್ದು ಬರೀ ಸಮುದ್ರ. ಎರಡನೇದೇ ನನ್ನ ಕಂದ.”

ಶ್ರೀಕಂಠ ಒಳಕೋಣೆಯ ಹೊಲಿಗೆ ಮಷೀನಿನ ಮೇಲೆ ಯಂತ್ರವಿಟ್ಟುಕೊಂಡು ಕೂತ. ಫಿಲ್ಮು ಒಂದು ಕಡೆ ಸುರುಟಿತ್ತು, ಅಂಚಿನಲ್ಲಿ ಅಲ್ಲಲ್ಲಿ ಮಣ್ಣಿನ ಕಲೆ. ಬೆಳಕಿಗೆ ಹಿಡಿದ. ಇದ್ದ, ಫಣಿ ಇದ್ದ. ಉಗುರಿನಷ್ಟು ನೀಲಿ ಮುಖ, ನಗುತ್ತಿದ್ದ. ಮೊಬೈಲು ಜೇಬಿನಲ್ಲೇ ಇತ್ತು. ಅಂಗಡಿಯ ಹುಡುಗಿ ಹೇಳಿದ್ದು ನೆನಪಾಗಲಿಲ್ಲವೆಂದಲ್ಲ, ನೆನಪಾಯಿತು. ಯಂತ್ರವೇ ಇರುವಾಗ ಮೊಬೈಲಿನ ಚಿಲ್ಲರೆ ಕೆಲಸ ಯಾಕೆ ಎಂದುಕೊಂಡ. ಏನು ಹೇಳೋಣ ಈ ಮನುಷ್ಯನಿಗೆ! ಅರ್ಧ ನಿಮಿಷದ ಕೆಲಸವಾಗಿತ್ತು.

ಹರಿದ ಚೆಕ್ಕನ್ನು ಪಾರದರ್ಶಕ ಕವರಿಗೆ ಹಾಕಿ ಯಂತ್ರಕ್ಕೆ ಕೊಡುವುದು ಬ್ಯಾಂಕಿನ ಕ್ರಮ. ಫಿಲ್ಮನ್ನೂ ಯಂತ್ರದ ಜೊತೆ ಬಂದಿದ್ದ ಕವರಿಗೆ ಹಾಗೇ ಹಾಕಿ ಕೊಟ್ಟ. ಹೋಯಿತು, ಬಂತು. ಪರದೆಯಲ್ಲಿ ಬರೀ ಕಪ್ಪು ಪಟ್ಟಿ. ಇನ್ನೊಂದು ಸಲ. ಮತ್ತೂ ಕಪ್ಪು. ವಿನಾಯಕನ ಫೋಟೋ ಅಷ್ಟು ಚೆನ್ನಾಗಿ ಬಂದಿತ್ತಲ್ಲ, ಆಗ ಯಾವ ಗುಂಡಿ ಒತ್ತಿದ್ದೆ ಎಂದು ನೋಡಲು ಅದನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡ.

“ಬಂತೇನೋ?” ಹಾಲಿನಿಂದ ಅಕ್ಕನ ಧ್ವನಿ.

“ಬರ್ತಿದೆ ತಾಳಕ್ಕ.”

ಕವರೇ ಅಡ್ಡ ಬರುತ್ತಿದೆ ಎಂದು ತೀರ್ಮಾನಿಸಿದ. ಫಿಲ್ಮನ್ನು ಬರಿದಾಗಿ ಉರುಳೆಯ ಬಾಯಿಗೆ ಕೊಟ್ಟ. ಅದು ಅರ್ಧದವರೆಗೆ ಒಳಗೆ ಹೋಗಿ ಕರ್ ಎಂದು ನಿಂತಿತು.

ಚೆಕ್ಕು ಸಿಕ್ಕಿಕೊಂಡರೆ ಕ್ಲಿಯರಿಂಗ್‌ನವರು ಒಂದು ಕೆಲಸ ಮಾಡುತ್ತಾರೆ. ಮುಚ್ಚಳ ಎತ್ತಿ, ಎರಡು ಬೆರಳಲ್ಲಿ ತುದಿ ಹಿಡಿದು, ಒಂದೇ ಏಟಿಗೆ ಸರ್ರೆಂದು ಎಳೆಯುವುದು. ಮೆಲ್ಲಗೆ ಎಳೆದರೆ ಕಾಗದ ಹರಿಯುತ್ತದೆ, ರಭಸಕ್ಕೆ ಎಳೆದರೆ ಇಡಿಯಾಗಿ ಬರುತ್ತದೆ. ಹದಿನಾಲ್ಕು ವರ್ಷ ಅವನ ಕೈ ಕಲಿತ ಪಾಠ ಅದು, ಹೊಸ ಗುಮಾಸ್ತರಿಗೆಲ್ಲ ಹೇಳಿಕೊಟ್ಟ ಪಾಠ. ಇವತ್ತೂ ಅವನ ತಲೆಗಿಂತ ಮೊದಲು ಕೈಯೇ ಓಡಿತು. ಮುಚ್ಚಳ ಎತ್ತಿದ, ತುದಿ ಹಿಡಿದ, ಎಳೆದ.

ಇಡಿಯಾಗಿಯೇ ಬಂತು. ಒಂದು ಚೂರೂ ಹರಿದಿರಲಿಲ್ಲ. ಆದರೆ ಬೆಳಕಿಗೆ ಹಿಡಿದು ನೋಡಿದರೆ ಮೊದಲ ಎರಡು ಚಿತ್ರದ ಜಾಗದಲ್ಲಿ ಏನೂ ಇರಲಿಲ್ಲ. ಬರೀ ತಿಳಿ ಪ್ಲಾಸ್ಟಿಕ್ಕು, ಆಚೆ ಕಿಟಕಿಯ ಸರಳು ಸ್ಪಷ್ಟವಾಗಿ ಕಾಣುತ್ತಿತ್ತು. ಯಂತ್ರದೊಳಗೆ ನೋಡಿದ. ರಬ್ಬರಿನ ಉರುಳೆಗೆ ಹಾಲಿನ ಕೆನೆಯಂಥ ಒಂದಿಷ್ಟು ಕಂದು ಪೊರೆ ಮುದ್ದೆಯಾಗಿ ಅಂಟಿಕೊಂಡಿತ್ತು.

ಬೆರಳ ತುದಿಯಿಂದ ಆ ಪೊರೆಯನ್ನು ಬಿಡಿಸಲು ನೋಡಿದ. ಅದು ಬೆರಳಿಗೆ ಅಂಟಿತು. ಉಜ್ಜಬಾರದು ಎಂದು ಗೊತ್ತಿದ್ದೂ ಉಜ್ಜಿದ. ಹೆಬ್ಬೆರಳ ಮೇಲೆ ಒಂದು ಕಂದು ಕಲೆ ಉಳಿಯಿತು. ಅಕ್ಕನ ಕಂದ ಅಷ್ಟೇ ಆಗಿಹೋಗಿದ್ದ.

“ಕಂಠೀ, ಬಂತೇನೋ?”

ಹೇಳಬೇಕು, ಎದ್ದುಹೋಗಿ ಕಾಲು ಹಿಡಿದು ಹೇಳಿಬಿಡಬೇಕು ಎಂದು ಎದ್ದ. ಮತ್ತೆ ಕೂತ. ಇಂಥ ಹೊತ್ತಿನಲ್ಲೇ ಅಖಿಲಾ ಮಲ್ಲಿಗೆಯ ಪೊಟ್ಟಣ ಹಿಡಿದು ಕೋಣೆಗೆ ಬಂದದ್ದು. ಲ್ಯಾಪ್‌ಟಾಪಿನ ಮೇಲೆ ತೆರೆದಿದ್ದ ಚಿತ್ರ ನೋಡಿದವಳೇ ಬಾಗಿಲಲ್ಲೇ ನಿಂತುಬಿಟ್ಟಳು. ಹಳದಿ ಅಂಗಿ. ಹಿಂದೆ ಸಮುದ್ರ. ಐದಾರು ವರ್ಷದ ಹುಡುಗ.

“ಅಮ್ಮಾ! ಅನ್ನಯ್ಯ ವಚ್ಚೇಶಾಡು!” ಅಣ್ಣ ಬಂದುಬಿಟ್ಟ ಎಂದು ಕೂಗಿ ಅವಳು ಅಳಲಿಕ್ಕೇ ಶುರು ಮಾಡಿದಳು. ಶ್ರೀಕಂಠ ಬಾಯಿ ಬಿಡುವಷ್ಟರಲ್ಲಿ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹಾಲಿಗೆ ಓಡಿ, ಟೀವಿಗೆ ಕೇಬಲ್ಲು ಚುಚ್ಚಿಬಿಟ್ಟಳು.

ಶ್ರೀಕಂಠ ಹಿಂದೆಯೇ ಬಂದ. ಫಿಲ್ಮನ್ನು ಕರ್ಚೀಫಿನಲ್ಲಿ ಸುತ್ತಿ ಹಿಡಿದಿದ್ದ. ಟೀವಿಯ ತುಂಬ ವಿನಾಯಕನ ಮುಖ, ಮೊರದಷ್ಟು ದೊಡ್ಡದು. ಸುಮಿತ್ರಾ ಕುರ್ಚಿಯಿಂದ ಮುಂದಕ್ಕೆ ಜಾರಿ ನೆಲದ ಮೇಲೆ ಮಂಡಿಯೂರಿದ್ದಳು. ಎಡಗಣ್ಣನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದು, ಹಣೆ ನೋಡಿದಳು, ಹುಬ್ಬು ನೋಡಿದಳು, ಅಂಗಿಯ ಕಾಲರು ನೋಡಿದಳು. ತಾನೇ ಹಾಕಿದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮುಖ ಹಿಂದಕ್ಕೆ ತಂದಳು.

“ಕಂಠಿ.”

“ಏನಕ್ಕ?”

“ಇಬ್ಬರಿಗೂ ಒಂದೇ ಬಟ್ಟೇಲಿ ಹೊಲಿದಿದ್ದೆ. ಇದು ವಿನಾಯಕ ಅಲ್ವಲ್ಲ?”

ಅವಳು ಸಂಶಯದಿಂದ ಕೇಳಲಿಲ್ಲ. ಮಗು ಕೈ ಚಾಚಿದ ಹಾಗೆ ಕೇಳಿದಳು. ಅಖಿಲಾ ಕಣ್ಣೊರೆಸಿಕೊಳ್ಳುತ್ತ ಮಾವನ ಮುಖ ನೋಡಿದಳು. ನಿಜ ಹೇಳಲು ದೇವರು ಅವನಿಗೆ ಇದಕ್ಕಿಂತ ಸಲೀಸಾದ ಜಾಗ ಮತ್ತೆ ಕೊಡುವುದಿಲ್ಲ. ಒಂದೇ ಒಂದು ಮಾತು ಸಾಕಿತ್ತು. ಕರ್ಚೀಫಿನೊಳಗೆ ಫಿಲ್ಮು ಬೆವರಿಗೆ ಅಂಟಿಕೊಳ್ಳುತ್ತಿತ್ತು.

“ಅಲ್ಲಕ್ಕ. ಫಣೀನೇ.”

ಸುಮಿತ್ರಾ ತಲೆಯಾಡಿಸಿದಳು. ಪರದೆಯ ಎರಡೂ ಬದಿಗೆ ಅಂಗೈ ಇಟ್ಟು, ಆ ಮುಖಕ್ಕೆ ತನ್ನ ಮುಖ ಆನಿಸಿ, ಬಹಳ ಹೊತ್ತು ಹಾಗೇ ಇದ್ದಳು. ಅಳುವಿನ ಉಸಿರು ಗಾಜಿನ ಮೇಲೆ ಬೀಳುತ್ತಿತ್ತು. ಅಖಿಲಾ ತನ್ನ ಮೊಬೈಲು ತೆಗೆದು ಅಣ್ಣನ ಫೋಟೋ ಹೊಡೆದುಕೊಂಡಳು. ಆಮೇಲೆ ಮಲ್ಲಿಗೆ ಮಾಲೆಯನ್ನು ಬಿಡಿಸಿ ಟೀವಿಯ ಎರಡು ಮೂಲೆಗೂ ಸಿಕ್ಕಿಸಿ ಇಳಿಬಿಟ್ಟಳು. ಹೂವಿನ ಹಾರ ಸರಿಯಾಗಿ ಹುಡುಗನ ಹಣೆಯ ಮೇಲಿಂದ ಇಳಿಯಿತು.

ಹುಬ್ಬಳ್ಳಿಯಲ್ಲಿ ಉಣ್ಣುತ್ತ ಉಡುತ್ತ ಇರುವ ಮಗನ ಫೋಟೋಗೆ ಹಾರ! ತೆಗೆಯಿರಿ ಎಂದು ಶ್ರೀಕಂಠನಿಗೆ ಕಿರುಚಬೇಕೆನಿಸಿತು. ಸುಮಿತ್ರಾ ತಡವರಿಸಿಕೊಂಡು ಕುಂಕುಮದ ಬಟ್ಟಲು ತಂದು, ಹುಡುಗನ ಹಣೆಯಿರುವ ಕಡೆ ಗಾಜಿಗೆ ಒಂದು ಬೊಟ್ಟಿಟ್ಟಳು. ಶ್ರೀಕಂಠ ಗೋಡೆ ಹಿಡಿದು ನಿಂತ. ಪಾಯಸ ಬಡಿಸಿದಾಗ ಉಂಡ ಕೂಡ.

ಊಟವಾದ ಮೇಲೆ ಕಮಲಾಕ್ಷಿಯ ಫೋನು ಬಂತು. “ಬಂತೇನ್ರೀ?” ಎಂದಳು. “ಬಂತು,” ಎಂದ. “ನಿಮ್ಮಕ್ಕ ಏನಂದ್ರು?” “ಖುಷಿಪಟ್ಟಳು.” ಅವಳು ಇನ್ನೇನೋ ಕೇಳುತ್ತಿದ್ದಂತೆ ಫೋನು ಕೆಳಗಿಟ್ಟ.

ರೈಲಿಗೆ ಹೊತ್ತಾಯಿತೆಂದು ಹೊರಟಾಗ ಸುಮಿತ್ರಾ ಬಾಗಿಲವರೆಗೆ ಬಂದಳು. ಚೌಕಟ್ಟನ್ನು ಹಿಡಿದು ನಿಂತು, ಒಂದು ದೊಡ್ಡ ಕೆಲಸ ಮುಗಿಸಿದವಳ ಹಾಗೆ ಉಸಿರುಬಿಟ್ಟಳು.

“ಆ ರೀಲು ಎಲ್ಲಿ ಕಂಠಿ?”

ಅವನು ಷರಟಿನ ಜೇಬು ಮುಟ್ಟಿಕೊಂಡ. “ನನ್ನ ಹತ್ರಾನೇ ಇದೆ ಅಕ್ಕ.”

“ನಿನ್ನ ಹತ್ರಾನೇ ಇರಲಿ. ಹೋಗ್ತಾ ಕೃಷ್ಣೇಲಿ ಬಿಟ್ಟುಬಿಡು. ಇನ್ಯಾಕೆ ಅದು? ಮಗ ಟೀವೀಲಿದಾನೆ, ಅಖಿಲಾ ದೊಡ್ಡದು ಮಾಡಿಸಿ ಕಟ್ಟು ಹಾಕಿಸ್ತಾಳಂತೆ.”

“ಆಗಲಿ,” ಎಂದ. ಬಗ್ಗಿ ಚಪ್ಪಲಿ ಮೆಟ್ಟಿಕೊಂಡ. ತಲೆ ಎತ್ತುವ ಧೈರ್ಯವಾಗಲಿಲ್ಲ.

“ಒಂದು ಮಾತು ಹೇಳ್ಲೇನೋ?” ಎಂದಳು ಸುಮಿತ್ರಾ. ಧ್ವನಿಯಲ್ಲಿ ಸ್ವಲ್ಪ ನಾಚಿಕೆಯಿತ್ತು. “ನಗಬೇಡ. ಫಣಿಗೆ ಎಡಗೆನ್ನೇಲಿ ಗುಳಿ ಬೀಳ್ತಿತ್ತು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಕಣ್ಣು ಮುಚ್ಚಿದ್ರೆ ಅದೇ ಕಾಣೋದು. ಇವತ್ತು ಎಷ್ಟು ಹುಡುಕಿದೆ, ಗುಳಿ ಇಲ್ಲವೇ ಇಲ್ಲ. ಹಲ್ಲು ಬಿಟ್ಟು ನಗ್ತಿದಾನೆ, ಆದ್ರೂ ಇಲ್ಲ.”

“ಅಕ್ಕಾ…”

“ಎಂಥಾ ತಾಯಿ ನೋಡು ನಾನು. ಇಪ್ಪತ್ತೆಂಟು ವರ್ಷ ಯಾವುದೋ ಮುಖಕ್ಕೆ ಅತ್ತಿದೀನಿ. ಇನ್ನು ಆ ಮುಖ ಮರೆತುಬಿಡ್ತೀನಿ ಕಣೋ. ನೀನು ತೋರಿಸಿದ್ದನ್ನೇ ಇಟ್ಕೋತೀನಿ.”